ಮರ ಎಲ್ಲಿ?

ಮಂಗಳವಾರ ಮಧ್ಯಾಹ್ನ ಮ್ಯೂಸಿಯಂ ಬೀಗ ತೆಗೆಯುವವಳು ನಾನು.
ಬಂದವರು ಮೊದಲು ಕೇಳುವುದು ಒಂದೇ: ಮರ ಎಲ್ಲಿ?
ಕಿಟಕಿಯಾಚೆ ಬೆರಳು ಮಾಡುತ್ತೇನೆ.
ಕುದುರೆಮೇವಿನ ಹೊಲ, ನೀರು ಹಾಯಿಸುವ ಗಾಲಿಯ ಪೈಪು,
ಆ ಗಾಲಿ ಮಗ್ಗುಲು ಬದಲಿಸುವಲ್ಲಿ ಒಂದಿಷ್ಟು ಬರಿ ನೆಲ.
ಅಲ್ಲಿ, ಅನ್ನುತ್ತೇನೆ.
ಅವರು ಅತ್ತ ನೋಡಿ, ನನ್ನತ್ತ ನೋಡಿ,
ಪೋಸ್ಟ್‌ಕಾರ್ಡ್ ಕೊಂಡು ಹೋಗುತ್ತಾರೆ.

ಗುಡ್ಡದ ನೆತ್ತಿಯಿಂದ ಎರಡು ದಿನದ ದಾರಿಗೆ ಕಾಣುತ್ತಿತ್ತಂತೆ.
ಅಷ್ಟಗಲ ಕಣಿವೆಗೆ ಅದೊಂದೇ ಪೈನ್,
ಬೂದು ಪೊದೆಗಳ ಕಂಬಳಿಯಲ್ಲಿ ಹೊಲಿಯುವವಳು ಮರೆತ ಸೂಜಿ.
ಆರ್ಫಾ ಪ್ರೌಟಿ ಬರೆದಿಟ್ಟಿದ್ದಾಳೆ, ಹಿಟ್ಟಿನ ಲೆಕ್ಕದ ಪುಸ್ತಕದಲ್ಲಿ,
ಹಿಟ್ಟಿನ ಲೆಕ್ಕದ ನಡುವೆಯೇ:
ಹಿಟ್ಟು ನಲವತ್ತು ಪೌಂಡು. ಕಾಫಿ ಮುಗಿಯಿತು. ಮರ ಕಂಡಿತು.
ಮಾರನೆಯ ದಿನ:
ಹಂದಿಮಾಂಸ ಕಮಟು. ಮರ ನಿನ್ನೆಯಷ್ಟೇ ದೂರ.
ಎತ್ತುಗಳೂ ಕತ್ತು ಅತ್ತಲೇ ತಿರುಗಿಸುತ್ತವೆ.

ಕಡಿದವನು ಅವಳ ಗಂಡ.
ನನ್ನ ಮುತ್ತಜ್ಜನ ಅಪ್ಪ, ಏಸಹೆಲ್.
ಮಿಸ್ಸೂರಿಯಿಂದ ಐದು ತಿಂಗಳು ಹೊತ್ತು ತಂದ ಕೊಡಲಿ.
ಬಯಲುದ್ದಕ್ಕೂ ಕಾಡೆಮ್ಮೆಯ ಒಣ ಸಗಣಿಯಲ್ಲೇ ಅಡುಗೆ,
ಆಮೇಲೆ ಪೊದೆಕಡ್ಡಿ, ಭಗ್ಗೆಂದು ಹತ್ತಿ ಅಷ್ಟರಲ್ಲೇ ಬೂದಿ.
ಬಂಡಿಯೊಳಗೆ ಕೂಸಿಗೆ ಜ್ವರ. ರಾತ್ರಿ ನೀರು ಹೆಪ್ಪುಗಟ್ಟಿತ್ತು.
ಯಾರಿದ್ದರೂ ಕಡಿಯುತ್ತಿದ್ದರೇನೋ.
ಹೀಗೆ ಅಂದುಕೊಂಡೇ ನಮ್ಮ ಮನೆಯಲ್ಲಿ
ನಾಲ್ಕು ತಲೆಮಾರು ನಿದ್ದೆ ಮಾಡಿದೆ.

ಹಸಿ ಮರ ಉರಿಯಲಿಲ್ಲ.
ಕೊಯ್ದಲ್ಲೆಲ್ಲ ಅಂಟು ಉಕ್ಕಿ, ಸುಂಯ್ ಎಂದು ಅತ್ತು,
ಇಡೀ ರಾತ್ರಿ ಹೊಗೆ. ಬರೀ ಹೊಗೆ.
ಕೂಸು ಕೆಮ್ಮಿ ಕೆಮ್ಮಿ ನೀಲಿಗಟ್ಟಿತು.
ಬೆಳಗಿನ ಜಾವ ಒಬ್ಬ ಕಯೂಸ್ ಹೆಂಗಸು ಹೊಳೆಯ ಕಡೆಯಿಂದ ಬಂದಳು,
ಬಿದ್ದ ಮರವನ್ನು ಬುಡದಿಂದ ತುದಿಯವರೆಗೆ ನಡೆದು ನೋಡಿದಳು,
ಒಂದು ಮಾತೂ ಆಡದೆ
ಕೂಸನ್ನು ಎತ್ತಿಕೊಂಡು ತನ್ನ ಗುಡಾರಕ್ಕೆ ಹೋದಳು.
ಮೂರು ದಿನ.
ಬೆಚ್ಚಗೆ ವಾಪಸು ಕೊಟ್ಟಳು, ಜೊತೆಗೆ ಒಣಮೀನು.
ಲೆಕ್ಕದಲ್ಲಿ ಇದೆ: ಹೆಂಗಸಿಗೆ ಆರು ಗುಂಡಿ, ಹಿತ್ತಾಳೆಯವು.
ಅವಳ ಹೆಸರಿಲ್ಲ.
ಆ ಮರವನ್ನು ಅವಳ ಮಾತಿನಲ್ಲಿ ಏನನ್ನುತ್ತಿದ್ದರೋ, ಅದೂ ಇಲ್ಲ.
ಆ ಕೂಸು ನನ್ನ ಮುತ್ತಜ್ಜ.

ಇನ್ನೊಂದು ಕಾಗದವಿದೆ, ಪ್ರದರ್ಶನಕ್ಕಿಟ್ಟಿಲ್ಲ.
ಹಿಂದಿನ ತಂಡದಲ್ಲಿ ಬರುತ್ತಿದ್ದ ಲೊವೈನಾ, ಆರ್ಫಾಳ ತಂಗಿ,
ಎರಡು ವರ್ಷದ ಮೇಲೆ ಬರೆದದ್ದು. ಅಕ್ಕಾ ಎಂದು ಶುರುವಾಗುವುದಿಲ್ಲ.
ಮರದ ನೇರಕ್ಕೆ ಬಾ ಅಂದಿದ್ದೆ.
ನೆತ್ತಿಗೆ ಬಂದು ನೋಡಿದರೆ ಮರವೇ ಇಲ್ಲ.
ತಪ್ಪು ಕಣಿವೆ ಎಂದು ಗಂಡಸರು ಬಂಡಿ ತಿರುಗಿಸಿದರು.
ನಾಲ್ಕು ದಿನ ಅಲೆದೆವು. ಎರಡು ಜೋಡಿ ಎತ್ತು ಹೋದವು.
ಜೊತೆಗೆ ಏನು ಹೋಯಿತು ಎಂದು ನಾನು ಬರೆಯುವುದಿಲ್ಲ.

ಉತ್ತರದ ಕರಡು ಅದೇ ಪುಸ್ತಕದ ಕೊನೆಯ ಹಾಳೆಯಲ್ಲಿದೆ.
ಮೂರು ಸಲ ಹೊಡೆದು ಹಾಕಿ, ನಾಲ್ಕನೆಯ ಸಲ
ಆರ್ಫಾ ದುಂಡಗೆ ಬರೆದಿದ್ದಾಳೆ:
ಗಾಳಿ ಬಹಳ ಜೋರಿತ್ತು ಆ ವಾರ.
ಬಿದ್ದಿರಬೇಕು.

ಗಾಜಿನ ಪೆಟ್ಟಿಗೆಯಲ್ಲಿ ಕೊಡಲಿಯ ಪಕ್ಕದ ಚೀಟಿ ಬಿಸಿಲಿಗೆ ಮಾಸಿದೆ.
ಹೊಸದು ಬರೆಯಬೇಕು.
ಯಾರೋ ಪ್ರಯಾಣಿಕರು ಕಡಿದರು ಎಂದು
ಹೋದ ಸಲ ಬರೆದ ಕೈ ನನ್ನದೇ, ಅದೂ ದುಂಡಗಿನ ಅಕ್ಷರ.
ಪೆನ್ನಿನ ಮುಚ್ಚಳ ತೆಗೆದು ಕೂತಿದ್ದೇನೆ.
ಐದು ಗಂಟೆಗೆ ಬಾಗಿಲು ಹಾಕಬೇಕು.
ಕಿಟಕಿಯಾಚೆ ಮೇವಿನ ಹೊಲದಲ್ಲಿ
ಒಂದು ಗರಿಯೂ ಅಲ್ಲಾಡುತ್ತಿಲ್ಲ.