ಸುಟ್ಟ ಬಿಲ್ಲೆ

ಒಂಬತ್ತೂಕಾಲಕ್ಕೆ ಎದ್ದು ಮೂರಕ್ಕೆಲ್ಲ
ಮುಸುಕೆಳೆದುಕೊಳ್ಳುತ್ತಾನೆ
ಎಸ್ಪೂವಿನ ಡಿಸೆಂಬರ್ ಸೂರ್ಯ.
ಅದರಲ್ಲೂ ಮೋಡ ತಿಂದು ಮಿಕ್ಕದ್ದು ಚಿಟಿಕೆಯಷ್ಟು.
ಇಲ್ಲಿ ಬೆಳಕು ಪೋಲಾದರೆ
ಉಕ್ಕಿ ಒಲೆ ಪಾಲಾದ ಹಾಲಿನ ಸಂಕಟ.

ನುಣುಪು ಸಿಲಿಕಾನಿಗೆ ಅದೆಲ್ಲಿ ಗೊತ್ತು?
ಬಾಗಿಲಿಗೆ ಬಂದ ಮೂವರಲ್ಲಿ ಒಬ್ಬನನ್ನು
ಹೊಸ್ತಿಲಿಂದಲೇ ಹಿಂದಕ್ಕೆ ಅಟ್ಟುತ್ತದೆ,
ಉಳ್ಳವರ ಮನೆಯ ಕಾವಲುಗಾರ.

ಇಪ್ಪತ್ತಾರು ವರ್ಷದಿಂದ ನಾನು
ಆ ಕಾವಲುಗಾರನ ಜೊತೆ ಗುದ್ದಾಡುತ್ತಿದ್ದೇನೆ.
ತಲೆಯಿಂದ ಕಾಲಿನವರೆಗೆ ಬಿಳಿ ನಿಲುವಂಗಿ,
ಹಳದಿ ದೀಪದ ಕೋಣೆ. ಧೂಳಿಗೆ ಪ್ರವೇಶವಿಲ್ಲ,
ಮುಖದ ಪೌಡರಿಗೂ ಇಲ್ಲ.
ಹೊಸದಾಗಿ ಬಂದ ಹುಡುಗ ಯಲ್ಮರಿ
ನನ್ನ ಮೂಗು ಬಾಯಿ ನೋಡಿದ್ದು ಎರಡನೇ ವಾರ, ಊಟದ ಕೋಣೆಯಲ್ಲಿ.
ಗುರುತು ಹಿಡಿಯಲಿಲ್ಲ.

ಅವನ ಲೆಕ್ಕ ಅಚ್ಚುಕಟ್ಟು:
ಕಂಬ, ಕಂಬ, ಕಂಬ, ಸಮ ಎತ್ತರ, ಸಮ ದೂರ,
ಸಿಪಾಯಿಗಳ ಸಾಲು. ಎರಡು ವರ್ಷದ ದುಡಿಮೆ.
ಒಂದು ಮಂಗಳವಾರ ಅನಿಲದ ಕವಾಟ ತಪ್ಪಿ
ಆಮ್ಲಜನಕ ಒಂದು ಗುಟುಕು ಹೆಚ್ಚಾಯಿತು.
ಒಳಗೆ ಹೋದದ್ದು ಕನ್ನಡಿ,
ಹೊರಗೆ ಬಂದದ್ದು ಇದ್ದಿಲು.

"ಸುಟ್ಟುಹೋಯಿತು" ಅಂದ. ಕಸದ ಡಬ್ಬಿಯತ್ತ ಕೈ.
ತಡಿ ಮಾರಾಯ, ಅಂದೆ.
ಕೈದೀಪ ಹಿಡಿದೆ ಅದರ ಮುಖಕ್ಕೆ.
ಬಿಲ್ಲೆಯಲ್ಲಿ ದೀಪವಿಲ್ಲ. ನಾನೂ ಇಲ್ಲ.

ಸೂಕ್ಷ್ಮದರ್ಶಕದ ಕೆಳಗೆ
ನಮ್ಮ ಕಾಡೇ ನಿಂತಿತ್ತು, ಸ್ಪ್ರೂಸ್ ಮರಗಳದ್ದು.
ಮೊನೆ ಚೂಪು, ಬುಡ ಅಗಲ,
ಒಂದು ಎತ್ತರ, ಇನ್ನೊಂದು ಗಿಡ್ಡ,
ಯಾರ ಮಾತೂ ಕೇಳದೆ ಬೆಳೆದವು,
ಕೂದಲೆಳೆಯೊಂದರ ಅಗಲಕ್ಕೆ ಇನ್ನೂರು ಮುನ್ನೂರು.

ಗಾಳಿ ಎಲ್ಲಿ ಮುಗಿಯಿತು, ಕಲ್ಲು ಎಲ್ಲಿ ಮೊದಲಾಯಿತು,
ಬೆಳಕಿಗೇ ತಿಳಿಯದು. ತಲೆ ಬಡಿಯಲು ಗೋಡೆಯಿಲ್ಲ.
ಸೌನಾದಿಂದ ಬಂದವರು ಕೆರೆಗೆ ಇಳಿಯುವ ಹಾಗೆ
ಕಣಕಾಲು, ಮೊಣಕಾಲು, ಸೊಂಟ,
ಆಮೇಲೆ
ಸದ್ದಿಲ್ಲ.

ದೀಪಕ್ಕೆ ಪತಂಗ ಬೀಳುವುದನ್ನು ಎಲ್ಲರೂ ಹೇಳಿದರು.
ಪತಂಗದ ಕಣ್ಣಿಗೆ ದೀಪ ಬೀಳುವುದನ್ನು
ಯಾರೂ ಹೇಳಲಿಲ್ಲ. ಅದರ ಕಣ್ಣಿನ ಮೇಲೂ
ಇಂಥದ್ದೇ ಗುಬುಟುಗಳ ಹಾಸು;
ಮಿಣುಕು ಕೂಡ ಹೊರಗೆ ಬಿಡದೆ ನುಂಗಿ
ಹಕ್ಕಿಯ ಕಣ್ಣು ತಪ್ಪಿಸುತ್ತದೆ.

ಆ ತಪ್ಪನ್ನು ಮತ್ತೆ ಮಾಡಲು ಕಲಿಯುವುದಕ್ಕೆ
ಹನ್ನೊಂದು ತಿಂಗಳು ಬೇಕಾಯಿತು.

ಈಗ ಸಾಸಿವೆಗಿಂತ ತುಸು ದೊಡ್ಡ ಚೂರುಗಳು
ಔಲುವಿನ ಆಸ್ಪತ್ರೆಗೆ ಹೋಗುತ್ತವೆ:
ಏಳಕ್ಕೇ ಹುಟ್ಟಿದ ಕೂಸಿನ ಪಾದಕ್ಕೆ ಸುತ್ತುವ ಪಟ್ಟಿಯೊಳಗೆ.
ಈರುಳ್ಳಿ ಪೊರೆಯಂಥ ಚರ್ಮ, ದೀಪದ ಬಿಸಿ ತಡೆಯದು.
ಮಂಕು ಬೆಳಕೇ ಸಾಕು;
ರಕ್ತ ದಾಟಿ ಬಂದ ಅಳಿದುಳಿದದ್ದನ್ನು
ಕಾಡು ಒಂದೂ ಬಿಡದೆ ಹಿಡಿದು
ಉಸಿರಿನ ಲೆಕ್ಕ ಹೇಳುತ್ತದೆ.
ನಾನು ನೋಡಿಲ್ಲ. ಹಾಗಂತ ಯಲ್ಮರಿ ಹೇಳಿದ.

ಅವನ ಲೇಖನದ ಕೊನೆಗೆ, ಧನ್ಯವಾದದ ಸಾಲಿನಲ್ಲಿ
ನನ್ನ ಹೆಸರೂ ಇದೆ: ಅನಿಕ್ಕಿ.
ಅನ್ನಿಕ್ಕಿ ಆಗಬೇಕಿತ್ತು. ಒಂದು ಒತ್ತು ಕಡಿಮೆ.
ತಿದ್ದಿ ಕಳಿಸಲಿಲ್ಲ. ಬಂದದ್ದನ್ನು
ಬಂದ ಹಾಗೇ ಒಳಕ್ಕೆ ಬಿಟ್ಟುಕೊಂಡೆ.

ಮೂರೂವರೆ. ಕತ್ತಲಲ್ಲಿ ಬಸ್ಸು ಹೊರಟಿತು.
ಬೇಡವೆಂದರೂ ಕಿಟಕಿಯ ಗಾಜು
ಉದ್ದಕ್ಕೂ
ನನ್ನ ಮುಖವನ್ನೇ ನನಗೆ ವಾಪಸು ಕೊಡುತ್ತಿತ್ತು.