ಟೇಪಿನ ದಾರಿ

ಏಳನೇ ಕ್ಲಾಸಿನ ಹೋಂವರ್ಕು:
ಸಿಡ್ನಿಯಿಂದ ಸ್ಯಾಂಟಿಯಾಗೋಗೆ ವಿಮಾನದ ದೂರ ಎಷ್ಟು,
ಹಿಡಿಯುವ ಸಮಯ ಎಷ್ಟು, ಲೆಕ್ಕ ಮಾಡಿ ತೋರಿಸಿ.
ಮಿಲ್ಲರ್‌ಪೇಟೆಯ ನಮ್ಮ ಮನೆಯಲ್ಲಿ ಆ ರಾತ್ರಿ
ಅರ್ಧ ಹೊಲಿದ ಜೀನ್ಸ್ ಪ್ಯಾಂಟು ಇನ್ನೂರ ನಲವತ್ತು,
ಒಂದಕ್ಕೂ ಜಿಪ್ ಇರಲಿಲ್ಲ.

ಅಟ್ಲಾಸಿನ ಮೇಲೆ ಸ್ಕೇಲಿಟ್ಟು
ಸಮುದ್ರದ ನಡುವೆ ನೆಟ್ಟಗೊಂದು ಗೆರೆ ಎಳೆದೆ.
ಅಪ್ಪ ಪೆಡಲಿನಿಂದ ಕಾಲು ತೆಗೆದು ಬಗ್ಗಿ ನೋಡಿದರು.
"ಇದು ಹಾಸಿದ ಬಟ್ಟೆ, ತಾಯಿ. ಭೂಮಿಗೆ ಸೊಂಟ ಐತೆ.
ಮೈ ನೋಡಿ ಅಳಿ."

ಶೆಲ್ಫಿನ ಮೇಲಿನ ಗೋಲ ಇಳಿಸಿದರು, ಹತ್ತಿಂಚಿನದು,
ಧೂಳು ಒರೆಸುವಾಗ ರಷ್ಯಾ ಸ್ವಲ್ಪ ಕಿತ್ತುಬಂತು.
ಕೊರಳ ಟೇಪು ಬಿಚ್ಚಿ ಮೊದಲು ಸುತ್ತಳತೆ,
ಗಿರಾಕಿಗೆ ತೆಗೆದ ಹಾಗೆ, ಆದರೆ ಬೆರಳಿನ ಸಡಿಲ ಬಿಡದೆ:
ಎಂಬತ್ತು ಸೆಂಟಿಮೀಟರ್. ಒಂದಕ್ಕೆ ಐನೂರು ಕಿಲೋಮೀಟರ್.

ನನ್ನ ಗೆರೆಯ ದಾರಿಯಲ್ಲಿ ಇಪ್ಪತ್ತೈದೂವರೆ ಬಂತು.
"ಈಗ ಎರಡೂ ತುದಿ ಹಿಡಿ. ಎಳಿ."
ಎಳೆದೆ. ಟೇಪು ತಾನೇ ಜಾರಿ
ಕೆಳಕ್ಕೆ, ಇನ್ನೂ ಕೆಳಕ್ಕೆ,
ದಕ್ಷಿಣದ ಮಂಜಿನ ಅಂಚಿಗೆ ಹೋಗಿ ಕೂತಿತು.
ಇಪ್ಪತ್ತೆರಡೂವರೆ, ಮೇಲೊಂದು ಗೀಟು.
ಮೂರು ಸೆಂಟಿಮೀಟರ್ ಬಟ್ಟೆ ಉಳಿಯಿತೆಂದು
ವಿಮಾನ ಕಂಪನಿಯ ಮಾಲೀಕನಂತೆ ನಕ್ಕರು ಅಪ್ಪ,
ರೈಲಿನಲ್ಲಿ ಗುಂತಕಲ್ಲಿನಾಚೆ ಹೋಗದವರು.

ಹನ್ನೊಂದು ಸಾವಿರದ ಮುನ್ನೂರು.
ತಾಸಿಗೆ ಒಂಬೈನೂರರಂತೆ ಹನ್ನೆರಡೂವರೆ ತಾಸು;
ವಾಪಸು ಎದುರುಗಾಳಿ, ಇನ್ನೊಂದೂವರೆ ಸೇರಿಸು.
ಆಮೇಲೆ ನಾನು ದಿನರೇಖೆಯ ವಿಷಯ ಹೇಳಿದೆ:
ಮಂಗಳವಾರ ಮಧ್ಯಾಹ್ನ ಸಿಡ್ನಿ ಬಿಟ್ಟವರು
ಅದೇ ಮಂಗಳವಾರ ಬೆಳಿಗ್ಗೆ ಸ್ಯಾಂಟಿಯಾಗೋದಲ್ಲಿ ಇಳಿಯುತ್ತಾರೆ.

ಅಪ್ಪನ ಕೈಯ ಸೀಮೆಸುಣ್ಣ ನಿಂತಿತು.
"ಹೊರಡೋಕ್ಕಿಂತ ಮುಂಚೆ ಮುಟ್ತಾರ?"
"ಹೂಂ."
"ಹಂಗಾದ್ರೆ ಮಧ್ಯಾಹ್ನ ಆಡಿದ ಮಾತು
ಅಲ್ಲಿ ಇನ್ನೂ ಆಡಿರಂಗಿಲ್ಲ."

ಗೋಲದ ಮೇಲೆ ಬಳ್ಳಾರಿ ಇಲ್ಲ. ಮಾನ್ವಿಯಂತೂ ಇಲ್ಲವೇ ಇಲ್ಲ.
ಅಪ್ಪ ಸೂಜಿಯ ಮೊನೆ ಅಂದಾಜಿನಲ್ಲಿಟ್ಟು
ಸಿರುಗುಪ್ಪ, ದಢೇಸೂಗೂರಿನ ಸೇತುವೆ, ಸಿಂಧನೂರು ಎಂದು
ಬಸ್ಸಿನ ಕಂಡಕ್ಟರನಂತೆ ಗೊಣಗುತ್ತ
ಮೂರು ಮಿಲಿಮೀಟರ್ ತುಂಬುವ ಮೊದಲೇ ನಿಂತರು.
ಅಲ್ಲಿ ರುಕ್ಮಾ ಅತ್ತೆ ಇದ್ದಾಳೆ.
ಅಜ್ಜನ ಕರೀ ಮಷೀನು ಯಾರಿಗೆ ಅನ್ನೋ ಮಾತಿಗೆ
ಮಾತು ಸೇರಿ ಹನ್ನೊಂದು ವರ್ಷ.
ಮಷೀನು ನಮ್ಮ ಮೂಲೆಯಲ್ಲೇ ಇದೆ,
ಹಳೇ ದುಪ್ಪಟಿ ಹೊದ್ದು, ಯಾರೂ ತುಳಿಯದೆ.

ಮರುದಿನ ಟೀಚರ್ ಎಲ್ಲದಕ್ಕೂ ರೈಟ್ ಹಾಕಿದರು.
ನಾನು ಮಲಗಿದ ಮೇಲೆ
ಎಣ್ಣೆ ತಾಗಿದ ಬೆರಳು ಕೆಳಗೆ ಬರೆದಿಟ್ಟ
ಒಂದು ಸಾಲಿಗೆ ಮಾತ್ರ ಕೆಂಪು ಸುತ್ತು:
ಬಳ್ಳಾರಿಯಿಂದ ಮಾನ್ವಿ, ದೂರ ಒಂದು ಹೊಲಿಗೆ.
ಪಕ್ಕದಲ್ಲಿ ಅವರ ಪ್ರಶ್ನೆ:
ಸಮಯ ಯಾಕೆ ಬರೆದಿಲ್ಲ?