ಸ್ವ, ಅವಲಂಬನೆ

ಇನ್ನೂರ ನಲವತ್ತನೇ ದಿನ ಕಡತ ಮುಚ್ಚಬೇಕು.
ಅದಕ್ಕೂ ಮೊದಲು ಕೊನೆಯ ಪುಟದಲ್ಲಿ ಎರಡು ಚೌಕ:
ಸ್ವಾವಲಂಬಿ. ಹೌದು. ಅಲ್ಲ.
ನಡುವೆ ಬರೆಯಲು ಜಾಗವಿಲ್ಲ.

ಈರಿ ಪಟ್ಟಣ. ಸರೋವರ ರಾತ್ರಿಯಿಡೀ ಕಾರಿದ ಹಿಮ
ಪರೇಡ್ ಬೀದಿಯಲ್ಲಿ ಮೊಣಕಾಲಿನವರೆಗೆ.
ಲೆತೆಬ್ರಹಾನ್ ಬಂದಳು ರಾತ್ರಿ ಪಾಳಿ ಮುಗಿಸಿ,
ಪ್ಲಾಸ್ಟಿಕ್ ಕಾರ್ಖಾನೆಯ ವಾಸನೆಯ ಕೋಟಿನಲ್ಲಿ.
ಕೋಟೂ ಅನುದಾನದ್ದೇ, ರಸೀದಿ ನನ್ನ ಬಳಿ ಇದೆ.
ಫೋನಿನ ದುಭಾಷಿ ಸಿಗಲಿಲ್ಲ;
ಪಕ್ಕದಲ್ಲಿ ಮಗ ಯೋನಾಸ್, ಹನ್ನೆರಡು ವರ್ಷ.

ಲೆಕ್ಕ ಹೀಗಿತ್ತು:
ಬಾಡಿಗೆ, ನಾಲ್ಕು ತಿಂಗಳದು. ಬಸ್ ಪಾಸು.
ಹಳೆಯ ಸೋಫಾ, ಕಾಲು ಮೂರು.
ಇಂಗ್ಲಿಷ್ ತರಗತಿ ಐವತ್ತೊಂದು ಗಂಟೆ,
ಅದರಲ್ಲಿ ಹದಿನಾಲ್ಕು ನಿದ್ದೆಗೆ ಹೋಯಿತು.
ಮತ್ತೆ ಕಿರು ಉದ್ಯಮದ ಹಣದಲ್ಲಿ
ಮೊರದಷ್ಟು ಅಗಲದ ವಿದ್ಯುತ್ ಹೆಂಚು.
ಇಷ್ಟು ದೊಡ್ಡದೇಕೆ ಎಂದು ಮೇಲಿನವರು ಕೇಳಿದ್ದರು.
ಅವರ ದೋಸೆ ಅಷ್ಟು ದೊಡ್ಡದು, ಎಂದು ಬರೆದು
ದೋಸೆ ಅಳಿಸಿ ರೊಟ್ಟಿ ಎಂದು ತಿದ್ದಿದ್ದೆ.

ಐದು ವರ್ಷದ ಯೋಜನೆ ಹೇಳಿ, ಎಂದೆ. ಫಾರಂ ಕೇಳುತ್ತದೆ.
ಅವಳು ಮಗನನ್ನು ನೋಡಿದಳು, ಮಗ ನೆಲ ನೋಡಿದ.
"ಕ್ಯಾಂಪಿನಲ್ಲಿ ಒಂಬತ್ತು ವರ್ಷ ಇದ್ದೆವು,
ನಾಳೆಯ ನೀರಿನ ಲಾರಿಯಷ್ಟೇ ಯೋಜನೆ, ಅಂತಾಳೆ ಅಮ್ಮ."
ನಾನು ಬರೆದೆ: ಇಂಜೆರಾ, ವಾರಕ್ಕೆ ಇನ್ನೂರು, ಎರಡು ಅಂಗಡಿಗೆ.
ಅದೂ ನಿಜವೇ.

ಏಳನೇ ತರಗತಿಯ ನಿಂಗಪ್ಪ ಮೇಷ್ಟ್ರು
ಕಡಲೆಕಾಯಿ ಒಡೆದ ಹಾಗೆ ಪದ ಒಡೆಯುತ್ತಿದ್ದರು.
ಸ್ವ ಕೂಡಿಸು ಅವಲಂಬನೆ, ಸವರ್ಣದೀರ್ಘ ಸಂಧಿ.
ಅಂದು ಹತ್ತಕ್ಕೆ ಹತ್ತು ಅಂಕ ಬಂತು, ಅರ್ಥ ಬರಲಿಲ್ಲ:
ಈ ಪದ ಒಡೆದಾಗಲೆಲ್ಲ ಅದರ ಹೊಟ್ಟೆಯೊಳಗಿಂದ
ಇನ್ನೊಬ್ಬರ ಹೆಗಲು ಹೊರಬರುತ್ತದೆ.

ಅವಳ ಹೆಂಚು ಸರ್ಕಾರದ್ದು.
ಟೆಫ್ ಹಿಟ್ಟು ಬಫಲೋದಿಂದ ಬರುವ ಯೆಮನಿಯದು, ಸಾಲ.
ಹುದುಗು ಕ್ಲೀವ್‌ಲ್ಯಾಂಡಿನ ಯಾವಳೋ ಅಜ್ಜಿ
ಉಪ್ಪಿನಕಾಯಿ ಶೀಶೆಯಲ್ಲಿ ತುಂಬಿಕೊಟ್ಟದ್ದು,
ಆ ಅಜ್ಜಿಗೆ ಇನ್ನಾರೋ.
ನಮ್ಮಲ್ಲೂ, ಸಂಜೆ ಗೋಡೆಯಾಚೆ ಬಟ್ಟಲು ಚಾಚಿ
"ಚೂರು ಹೆಪ್ಪು ಇದೆಯೇನ್ರೀ" ಎಂದರೆ
ವಾಪಸು ಯಾವಾಗ ಅಂತ ಯಾರೂ ಕೇಳಿದ್ದಿಲ್ಲ.
ಮೊಸರು ಮಾತ್ರ ಅವರವರದೇ.

ಹೌದು ಎಂಬಲ್ಲಿ ಗುರುತು ಹಾಕಿದೆ.
ಗುರುತು ಬಿದ್ದ ದಿನವೇ ಹಣ ನಿಲ್ಲುತ್ತದೆ, ಅದನ್ನೂ ಹೇಳಿದೆ.
ಯೋನಾಸ್ ತಡವರಿಸಿದ.
ಆ ಮಾತು ಅವನ ತಿಗ್ರಿನ್ಯದಲ್ಲಿ ಸಿಗಲಿಲ್ಲವೋ,
ತಾಯಿಗೆ ಹೇಳುವ ಮನಸ್ಸಾಗಲಿಲ್ಲವೋ.
ಅವಳು ಸಹಿ ಹಾಕಿದಳು, ಮೊದಲು ತನ್ನ ಲಿಪಿಯಲ್ಲಿ,
ಆಮೇಲೆ ಕೆಳಗೆ ಇಂಗ್ಲಿಷಿನಲ್ಲಿ,
ಎರಡರಲ್ಲಿ ಒಂದಾದರೂ ಉಳಿದೀತು ಎಂಬಂತೆ.

ಬಾಗಿಲವರೆಗೆ ಹೋದವಳು ತಿರುಗಿ ಬಂದು
ಕೈಚೀಲದಿಂದ ಪುಟ್ಟ ಶೀಶೆ ತೆಗೆದು ಮೇಜಿನ ಮೇಲಿಟ್ಟಳು.
ಐದು ಡಾಲರು ಮೀರಿದ ಉಡುಗೊರೆ ಪಡೆಯಕೂಡದು, ನಿಯಮ.
ಬೂದು ಬಣ್ಣದ ಹುಳಿ ನೀರು. ಎಷ್ಟೆಂದು ಬೆಲೆ ಬರೆಯಲಿ?

ನನ್ನ ಅಡುಗೆಮನೆಯಲ್ಲಿ ಮೊದಲನೆಯದು ಹರಿದು ಚಿಂದಿ.
ಎರಡನೆಯದು ಹೆಂಚು ಬಿಟ್ಟು ಏಳಲೇ ಇಲ್ಲ.
ಮುಚ್ಚಿದ ಕಡತ ತೆರೆದು, ನಂಬರು ಹುಡುಕಿ ಫೋನು ಮಾಡಿದೆ.
"ಆತುರ ನಿನಗೆ," ಎಂದಳು,
ಎಚ್ಚರವಿದ್ದ ಮೂವತ್ತೇಳು ಗಂಟೆಯ ಇಂಗ್ಲಿಷಿನಲ್ಲಿ,
"ಮೂರು ದಿನ ಬಿಡು. ಅದು ಕಾಯಲಿ. ನೀನೂ."